ಸನದಿನ ಮೇಲೆ ನಿಂತ ಸಂಸ್ಥಾನಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸನದು ಎಂದರೆ ಸರಕಾರ ಬರೆದುಕೊಡುವ ಹಕ್ಕುಪತ್ರ. ಧಾರವಾಡ ಸೀಮೆಯ ಚಿಕ್ಕ ಸಂಸ್ಥಾನಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನು ಮೀಸಲಿಡಲಾಗಿದೆ. ಹೆಚ್ಚಿನ ಪತ್ರಗಳು ಸವಣೂರಿಗೆ ಸಂಬಂಧಿಸಿದವು. ಒಂದೇ ಸಂಗತಿಯನ್ನು ಕೇಳಿದವರ ಪ್ರಶ್ನೆಗಳನ್ನು ಒಂದುಗೂಡಿಸಿದ್ದೇವೆ.

ಪ್ರಶ್ನೆ: ಒಂದು ಕಾಲಕ್ಕೆ ಬೆಳಗಾವಿಯಿಂದ ತುಂಗಭದ್ರೆಯ ದಂಡೆಯವರೆಗೂ ಸವಣೂರು ನವಾಬರ ಆಳಿಕೆ ಇತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಂಥ ಸಂಸ್ಥಾನ ಬ್ರಿಟಿಷರ ಕಾಲಕ್ಕೆ ಕೆಲವೇ ಹಳ್ಳಿಗಳಿಗೆ ಇಳಿದದ್ದು ಹೇಗೆ? (ನಿವೃತ್ತ ಶಿಕ್ಷಕರು, ಸವಣೂರು)

ಉತ್ತರ: ಹಿರಿಯರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಸವಣೂರಿನ ನವಾಬರು ಮಿಯಾನಾ ಎಂಬ ಪಠಾಣ ಕುಲದವರು. ವಿಜಾಪುರದ ಆದಿಲಶಾಹಿಯ ಕೊನೆಗಾಲದಲ್ಲಿ ಆ ರಾಜ್ಯದ ಸೂತ್ರ ಹಿಡಿದಿದ್ದ ಬಹಲೋಲ ಖಾನನದೂ ಇದೇ ಮನೆತನ. 1686ರಲ್ಲಿ ವಿಜಾಪುರ ಔರಂಗಜೇಬನ ವಶವಾದಾಗ ಅಬ್ದುಲ್ ರವೂಫ್ ಖಾನನು ಮೊಗಲರ ಪಕ್ಷ ಸೇರಿದನು. ಅದಕ್ಕೆ ಪ್ರತಿಯಾಗಿ ದಿಲೇರ್ ಖಾನ್ ಎಂಬ ಬಿರುದೂ, ಬಂಕಾಪುರ, ತೊರಗಲ್ಲು ಮತ್ತು ಆಜಮನಗರ (ಇಂದಿನ ಬೆಳಗಾವಿ) ಎಂಬ ಮೂರು ಸರಕಾರಗಳಿಗೆ (ಮೊಗಲರ ಆಡಳಿತ ವಿಭಾಗಗಳಿಗೆ) ಸೇರಿದ 22 ಮಹಾಲುಗಳ (ಕಂದಾಯದ ಉಪವಿಭಾಗಗಳ) ಜಹಗೀರೂ ಅವನಿಗೆ ದೊರೆತವು. ಮೊದಲು ಬಂಕಾಪುರದಲ್ಲಿದ್ದ ಠಾಣ್ಯವನ್ನು (ಆಡಳಿತದ ನೆಲೆಯನ್ನು) ಅನಂತರ ಸವಣೂರಿಗೆ ತರಲಾಯಿತು.

ಇಷ್ಟು ದೊಡ್ಡ ಮುಲುಕು ಮುಂದಿನ ನೂರು ವರ್ಷಗಳಲ್ಲಿ ಕರಗಿಹೋದದ್ದಕ್ಕೆ ಮೊದಲ ಕಾರಣ ಅದು ಇದ್ದ ಜಾಗವೇ ಎಂದು ನಮಗೆ ಅನಿಸುತ್ತದೆ. ಮಲಪ್ರಭೆಗೂ ತುಂಗಭದ್ರೆಗೂ ನಡುವಿನ ಎರೆಹೊಲಗಳ ಬಯಲು ಪುಣೆಯಿಂದ ದಕ್ಷಿಣಕ್ಕೆ ಇಳಿಯುವ, ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಏರುವ ಎಲ್ಲ ದಂಡುಗಳ ಹಾದಿಯಾಗಿತ್ತು. ಆ ಹಾದಿಯಲ್ಲಿ ಕುಳಿತವನು ಯಾರಿಗಾದರೂ ಕಪ್ಪ ಕೊಡಲೇಬೇಕು. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನ ಕೋಪಕ್ಕೆ ಗುರಿಯಾಗಲೇಬೇಕು. 1747ರ ಒಪ್ಪಂದದಲ್ಲಿ ಅಬ್ದುಲ್ ಮಜೀದ್ ಖಾನನು ತನ್ನ ಸೀಮೆಯ ದೊಡ್ಡ ಪಾಲನ್ನು ಪೇಶವೆಯವರಿಗೆ ಬಿಟ್ಟುಕೊಟ್ಟನು. ಒಂಬತ್ತು ವರ್ಷಗಳ ಅನಂತರ, 1756ರಲ್ಲಿ, ಪೇಶವೆಯ ತೋಪಖಾನೆಯ ಮುಖ್ಯಸ್ಥನಾಗಿದ್ದ ಮುಜಫ್ಫರ ಖಾನನು ಮುನಿಸಿಕೊಂಡು ಬಂದು ಸವಣೂರಿನ ಆಶ್ರಯ ಪಡೆದನು. ಅವನನ್ನು ಒಪ್ಪಿಸಲು ನವಾಬನು ನಿರಾಕರಿಸಿದ್ದೇ ನೆಪವಾಯಿತು. ಬಾಳಾಜಿ ಬಾಜಿರಾವ ಪೇಶವೆಯು ತಾನೇ ದಂಡು ತೆಗೆದುಕೊಂಡು ಬಂದನು. ಹೈದರಾಬಾದಿನ ಸಲಾಬತ್ ಜಂಗನು ಫ್ರೆಂಚ್ ಸೇನಾಪತಿ ಬುಸಿಯನ್ನೂ ಅವನ ತೋಪುಗಳನ್ನೂ ಕರೆತಂದನು. ಗುತ್ತಿಯ ಮುರಾರಿರಾವ ಘೋರ್ಪಡೆ ಸವಣೂರಿನ ಪಕ್ಷದಲ್ಲಿದ್ದರೂ ಬುಸಿಯ ತೋಪುಗಳ ಎದುರು ಊರಿನ ಗೋಡೆ ಬಹಳ ದಿನ ತಡೆಯುವಂಥದ್ದಾಗಿರಲಿಲ್ಲ. ಸೋತ ನವಾಬನು ಇನ್ನಷ್ಟು ಸೀಮೆಯನ್ನು ಬಿಟ್ಟುಕೊಡಬೇಕಾಯಿತು. ದಂಡದ ಹಣ ಹೊಂದಿಸಲಾಗದೆ ಮನೆತನದ ಮೊದಲ ಠಾಣ್ಯವಾದ ಬಂಕಾಪುರದ ಕೋಟೆಯನ್ನೇ ಮರಾಠಾ ಸರದಾರ ಹೋಳ್ಕರನಿಗೆ ಒತ್ತೆ ಇಡಬೇಕಾಯಿತು.

ಅಷ್ಟರಲ್ಲಿ ದಕ್ಷಿಣದಿಂದ ಹೈದರ್ ಅಲಿ ಎದ್ದು ಬಂದಿದ್ದನು. 1764ರಲ್ಲಿ ಅವನು ನವಾಬ ಅಬ್ದುಲ್ ಹಕೀಮ್ ಖಾನನನ್ನು ಸೋಲಿಸಿದನು; ಅದೇ ವರ್ಷ ಮಾಧವರಾವ ಪೇಶವೆಯು ರಟ್ಟೀಹಳ್ಳಿಯ ಬಳಿ ಹೈದರನನ್ನು ಸೋಲಿಸಿದನು. ಹೀಗೆ ಒಂದೇ ವರ್ಷದಲ್ಲಿ ಸವಣೂರಿನ ಯಜಮಾನರು ಬದಲಾಗುತ್ತಿದ್ದರು. 1779ರಲ್ಲಿ ಹೈದರನು ಬೇರೆಯೇ ದಾರಿ ಹಿಡಿದು ಎರಡು ಮದುವೆಗಳ ಮೂಲಕ ಬೀಗತನ ಬೆಳೆಸಿದನು: ತನ್ನ ಮಗಳನ್ನು ನವಾಬನ ಹಿರಿಯ ಮಗನಿಗೆ ಕೊಟ್ಟು, ನವಾಬನ ಮಗಳನ್ನು ತನ್ನ ಎರಡನೆಯ ಮಗ ಕರೀಮನಿಗೆ ತಂದುಕೊಂಡನು. ಪ್ರತಿಯಾಗಿ ನವಾಬನು 2,000 ಪಠಾಣ ಕುದುರೆ ಸವಾರರನ್ನು ಮೈಸೂರಿನ ಸೇವೆಗೆ ಸಾಕಬೇಕಿತ್ತು. ಆದರೆ ಹೈದರ್ ತೀರಿಕೊಂಡ ಮೇಲೆ ಟಿಪ್ಪುವಿನ ಹತ್ತಿರ ಈ ಬೀಗತನ ನಡೆಯಲಿಲ್ಲ. ಬಾಕಿ ಹಣದ ಒತ್ತಾಯ ಹೆಚ್ಚಿ, 1786ರ ಯುದ್ಧದಲ್ಲಿ ಮುದುಕನಾದ ನವಾಬನು ಊರು ಬಿಟ್ಟು ಮರಾಠರ ಪಾಳೆಯಕ್ಕೆ ಓಡಿಹೋದನು, ಸವಣೂರು ಲೂಟಿಯಾಯಿತು.

ಅಲ್ಲಿಂದ ಮುಂದೆ ನವಾಬನು ಪೇಶವೆಯು ಕೊಡುವ ತಿಂಗಳಿಗೆ 10,000 ರೂಪಾಯಿ ಮಾಸಾಶನದ ಮೇಲೆ ಬದುಕಬೇಕಾಯಿತು. ಆ ಹಣವೂ ಸರಿಯಾಗಿ ಬರುತ್ತಿರಲಿಲ್ಲ. ಕೊನೆಗೆ ಬ್ರಿಟಿಷ್ ಸೇನಾಪತಿ ಜನರಲ್ ವೆಲ್ಲೆಸ್ಲಿ ನಡುವೆ ಬಂದು, ಮಾಸಾಶನದ ಬದಲು ವರ್ಷಕ್ಕೆ 48,000 ರೂಪಾಯಿ ಹುಟ್ಟುವಳಿಯ 25 ಹಳ್ಳಿಗಳನ್ನು ಪೇಶವೆಯಿಂದ ಕೊಡಿಸಿದನು. ಪೇಶವಾಯಿ ಮುಗಿದ ಮೇಲೆ ಬ್ರಿಟಿಷರು ಅದನ್ನೇ ಮುಂದುವರಿಸಿದರು. ತಾವು ಕೇಳಿದ ಸಂಸ್ಥಾನ ಇದೇ. ಅದರ ವಿಸ್ತಾರ ಸುಮಾರು 70 ಚದರ ಮೈಲಿ. 1901ರ ಜನಗಣತಿಯಂತೆ ಜನಸಂಖ್ಯೆ 18,446.

ಇದನ್ನು ಬರೀ ಇಳಿಕೆಯ ಕಥೆಯೆಂದು ಓದುವುದು ಸರಿಯಲ್ಲ. ಹದಿನೆಂಟನೆಯ ಶತಮಾನದ ನಡುವೆ ದಕ್ಷಿಣದಲ್ಲಿ ಕಡಪಾ, ಕರ್ನೂಲು, ಸವಣೂರು ಎಂಬ ಮೂರು ಪಠಾಣ ನವಾಬಿಗಳಿದ್ದವು. ಕಡಪಾವನ್ನು ಹೈದರ್ ಅಲಿ ನುಂಗಿದನು. ಕರ್ನೂಲನ್ನು 1839ರಲ್ಲಿ ಬ್ರಿಟಿಷರು ಕಿತ್ತುಕೊಂಡರು. ಮೂರರಲ್ಲಿ ಎಲ್ಲಕ್ಕಿಂತ ಹೆಚ್ಚು ನೆಲ ಕಳೆದುಕೊಂಡು ಯಾರಿಗೂ ಭಯ ಹುಟ್ಟಿಸಲಾರದ ಸ್ಥಿತಿಗೆ ಬಂದಿದ್ದ ಸವಣೂರೇ 1948ರವರೆಗೆ ಉಳಿಯಿತು.

ಪ್ರಶ್ನೆ: ಇಷ್ಟು ಚಿಕ್ಕ ಸಂಸ್ಥಾನದಲ್ಲಿ ನವಾಬರಿಗೆ ನಿಜವಾದ ಅಧಿಕಾರ ಎಷ್ಟಿತ್ತು? ಕಂದಾಯ, ನ್ಯಾಯ, ಪೊಲೀಸು ಇವೆಲ್ಲ ಯಾರ ಕೈಯಲ್ಲಿದ್ದವು? (ಇತಿಹಾಸದ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ತಾವಿರುವ ಊರಿನಲ್ಲಿಯೇ ಇದಕ್ಕೆ ಅರ್ಧ ಉತ್ತರವಿದೆ. ಧಾರವಾಡದ ಕಲೆಕ್ಟರನೇ ಬಹುಕಾಲ ಸವಣೂರಿನ ಪೊಲಿಟಿಕಲ್ ಏಜೆಂಟನಾಗಿದ್ದನು, ಅಂದರೆ ಸಂಸ್ಥಾನದ ಮೇಲೆ ಕಣ್ಣಿಡುವ ಬ್ರಿಟಿಷ್ ಪ್ರತಿನಿಧಿಯಾಗಿದ್ದನು. ಸರಕಾರಿ ದಾಖಲೆಗಳಲ್ಲಿ ಧಾರವಾಡ ಏಜೆನ್ಸಿ ಎಂದು ಬರುವ ಏಜೆನ್ಸಿಯ ಕೆಳಗೆ ಇದ್ದ ಸಂಸ್ಥಾನ ಸವಣೂರು ಒಂದೇ. ಜಿಲ್ಲೆಯ ಕಂದಾಯ ನೋಡುವ ಅಧಿಕಾರಿಯೇ ನೆರೆಯ ಸಂಸ್ಥಾನದ ಮೇಲೂ ಕಣ್ಣಿಡುತ್ತಿದ್ದುದರಿಂದ, ಸಂಸ್ಥಾನದ ಪದ್ಧತಿ ನಿಧಾನವಾಗಿ ಜಿಲ್ಲೆಯ ಪದ್ಧತಿಯಂತೆಯೇ ಆಗುವುದು ಸಹಜವಾಗಿತ್ತು. ಹಳ್ಳಿಯ ಮಟ್ಟದಲ್ಲಂತೂ ಗಡಿಯ ಆಚೆ ಈಚೆ ವ್ಯತ್ಯಾಸ ಕಾಣುವುದು ಕಷ್ಟ. ವಸೂಲಿಗೆ ಗೌಡ, ಲೆಕ್ಕಕ್ಕೆ ಕುಲಕರ್ಣಿ, ಕಾವಲಿಗೆ ತಳವಾರ. ಚಾವಡಿಯಲ್ಲಿ ಅದೇ ದಫ್ತರ. ಹೊಲಗಳಿಗೆ ಖುಷ್ಕಿ (ಒಣಭೂಮಿ), ತರಿ (ನೀರಾವರಿ ಗದ್ದೆ), ಬಾಗಾಯತ (ತೋಟ) ಎಂಬ ಅದೇ ವರ್ಗಗಳು. ಎಲೆಬಳ್ಳಿಯ ತೋಟಗಳಿಗೆ ಹೆಸರಾದ ಸವಣೂರಿನಲ್ಲಿ ಬಾಗಾಯತಿಗೆ ಇದ್ದ ತೂಕವನ್ನು ಬೇರೆ ಹೇಳಬೇಕಾಗಿಲ್ಲ. ಮೇಲಿನ ಮಟ್ಟದಲ್ಲಿ ನವಾಬರ ಪರವಾಗಿ ಕಾರಭಾರಿಯು ಆಡಳಿತ ನಡೆಸುತ್ತಿದ್ದನು.

ನ್ಯಾಯದ ವಿಷಯದಲ್ಲಿ ಎಲ್ಲ ಚಿಕ್ಕ ಸಂಸ್ಥಾನಿಕರಿಗೂ ಒಂದೇ ಅಳತೆ ಇರಲಿಲ್ಲ. ನಮ್ಮ ಸುತ್ತಲಿನವರಲ್ಲಿ ಜಮಖಂಡಿ, ಸಾಂಗಲಿಯಂಥ ಕೆಲವರಿಗೆ ತಮ್ಮ ಸ್ವಂತ ಪ್ರಜೆಗಳ ಮೇಲಿನ ಕೊಲೆ ಮೊಕದ್ದಮೆಗಳನ್ನೂ ನಡೆಸುವ ಹಕ್ಕಿತ್ತು. ಉಳಿದವರು ದೊಡ್ಡ ಅಪರಾಧಗಳಲ್ಲಿ ಏಜೆಂಟನ ಒಪ್ಪಿಗೆಗೆ ಕಾಯಬೇಕಿತ್ತು. ಆರೋಪಿಯು ಬ್ರಿಟಿಷ್ ಪ್ರಜೆಯಾಗಿದ್ದರೆ ಪ್ರಕರಣ ಅವರ ಕೈಯಿಂದ ಹೊರಗೇ. ಸೈನ್ಯ, ಪರರಾಜ್ಯ ವ್ಯವಹಾರ ಎಂಬ ಮಾತೇ ಇರಲಿಲ್ಲ. ತೋಪಿನ ಸಲಾಮಿಯ ಗೌರವ ಪಡೆದ ಸಂಸ್ಥಾನಗಳ ಪಟ್ಟಿಯಲ್ಲಿಯೂ ಸವಣೂರು ಇರಲಿಲ್ಲ.

ಆದರೆ ನವಾಬರ ಅಧಿಕಾರವನ್ನು ಅಳೆಯಲು ಎಲ್ಲಕ್ಕಿಂತ ಒಳ್ಳೆಯ ಸಮಯ ಅವರು ಅಪ್ರಾಪ್ತರಾಗಿದ್ದ ಕಾಲ. ಕೊನೆಯ ನವಾಬರಾದ ಎರಡನೆಯ ಅಬ್ದುಲ್ ಮಜೀದ್ ಖಾನರು 1893ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಚಿಕ್ಕ ಮಗು. ಅವರು ಪ್ರಾಪ್ತವಯಸ್ಕರಾಗುವವರೆಗೆ ಆಡಳಿತವೆಲ್ಲ ಬ್ರಿಟಿಷರ ಮೇಲ್ವಿಚಾರಣೆಯಲ್ಲಿಯೇ ನಡೆಯಿತು. ಹಿಂದುಸ್ತಾನದ ಅನೇಕ ಚಿಕ್ಕ ಸಂಸ್ಥಾನಗಳಲ್ಲಿ ಭೂಮಾಪನ, ರಸ್ತೆ, ದವಾಖಾನೆಗಳು ಬಂದದ್ದು ಇಂಥ ಅವಧಿಗಳಲ್ಲಿಯೇ. ಅದನ್ನು ಬ್ರಿಟಿಷರ ಉಪಕಾರವೆನ್ನುವುದಕ್ಕಿಂತ, ಜಿಲ್ಲಾ ಕಚೇರಿಯ ಅಭ್ಯಾಸ ಸಂಸ್ಥಾನದೊಳಕ್ಕೆ ಹರಿದು ಬಂದದ್ದೆನ್ನುವುದು ಹೆಚ್ಚು ಸರಿಯಾದೀತು.

ಹಾಗೆಂದು ನವಾಬರ ಪಾತ್ರ ಶೂನ್ಯವೆಂದು ತಿಳಿಯಬಾರದು. ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನ ಸವಣೂರಿನಲ್ಲಿಯೇ ಇದೆ; ಬಹುಪಾಲು ಹಿಂದೂ ಪ್ರಜೆಗಳನ್ನು ಆಳಿದ ಮುಸ್ಲಿಂ ಮನೆತನದ ಊರಿನಲ್ಲಿ ಮಠವೂ ದರಬಾರವೂ ಒಂದಕ್ಕೊಂದು ಹೊಂದಿಕೊಂಡು ನಡೆದವು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಸಂಸ್ಥಾನದ ಪ್ರಜೆಯಾಗಿ, ಕಲಿತದ್ದು ನವಾಬರ ಹೆಸರಿನ ಮಜೀದ್ ಹೈಸ್ಕೂಲಿನಲ್ಲಿ.

ಪ್ರಶ್ನೆ: ಹುಬ್ಬಳ್ಳಿಯನ್ನು ಕಟ್ಟಿದವರು ಸವಣೂರು ನವಾಬರೇ? (ವ್ಯಾಪಾರಸ್ಥರು, ಹುಬ್ಬಳ್ಳಿ)

ಉತ್ತರ: ಹಳೇ ಹುಬ್ಬಳ್ಳಿ ನವಾಬರಿಗಿಂತ ಬಹಳ ಹಿಂದಿನದು. ಹೊಸ ಹುಬ್ಬಳ್ಳಿಯ ವಿಷಯದಲ್ಲಿ ಮಾತ್ರ ತಮ್ಮ ಪ್ರಶ್ನೆಗೆ ಅರ್ಧ ಹೌದು ಎನ್ನಬಹುದು. ಹುಬ್ಬಳ್ಳಿ ಸವಣೂರಿನ ಮಜೀದ್ ಖಾನನ ಅಧೀನದಲ್ಲಿದ್ದಾಗ, 1727ರಲ್ಲಿ, ಬಸಪ್ಪ ಶೆಟ್ಟರ್ ಎಂಬ ವರ್ತಕನು ದುರ್ಗದ ಬೈಲಿನ ಸುತ್ತ ಹೊಸ ಪೇಟೆಯನ್ನು ಕಟ್ಟಿಸಿದನು. ಅಪ್ಪಣೆ ನವಾಬನದು, ಹಣ ಮತ್ತು ಉಮೇದು ವರ್ತಕನವು. ಮುಂದೆ ಊರು ಮರಾಠರಿಗೆ ಹೋಗಿ, 1820ರಲ್ಲಿ ಸಾಂಗಲಿಯ ಪಟವರ್ಧನರು ಹೊಸ ಹುಬ್ಬಳ್ಳಿಯನ್ನು 47 ಹಳ್ಳಿಗಳ ಸಮೇತ, ತಾವು ಒದಗಿಸಬೇಕಿದ್ದ ದಂಡಿನ ವೆಚ್ಚಕ್ಕೆ ಬದಲಾಗಿ, ಬ್ರಿಟಿಷರಿಗೆ ಬಿಟ್ಟುಕೊಟ್ಟರು.

ಪ್ರಶ್ನೆ: ನರಗುಂದವೂ ರಾಮದುರ್ಗವೂ ಒಂದೇ ಭಾವೆ ಮನೆತನದ ಸಂಸ್ಥಾನಗಳು. ನರಗುಂದ 1858ರಲ್ಲಿಯೇ ಖಾಲಸಾ ಆಯಿತು (ಬ್ರಿಟಿಷ್ ಸರಕಾರದ ವಶವಾಯಿತು), ರಾಮದುರ್ಗ ಸ್ವಾತಂತ್ರ್ಯದವರೆಗೂ ಉಳಿಯಿತು. ಈ ವ್ಯತ್ಯಾಸಕ್ಕೆ ಬಾಬಾಸಾಹೇಬರ ಬಂಡಾಯ ಒಂದೇ ಕಾರಣವೇ? (ಕೃಷಿಕರು, ನರಗುಂದ ತಾಲೂಕು)

ಉತ್ತರ: ಬಂಡಾಯ ಕೊನೆಯ ಕಾರಣ, ಮೊದಲ ಕಾರಣ ದತ್ತಕ. ಭಾಸ್ಕರರಾವ ಭಾವೆ ಅಥವಾ ಬಾಬಾಸಾಹೇಬರಿಗೆ ಬದುಕಿ ಉಳಿದ ಗಂಡು ಸಂತಾನವಿರಲಿಲ್ಲ. ದತ್ತು ತೆಗೆದುಕೊಳ್ಳಲು ಅವರು ಕೇಳಿದ ಅನುಮತಿಯನ್ನು ಕಂಪನಿ ಸರಕಾರ ಕೊಡಲಿಲ್ಲ. ಅನುಮತಿ ಇಲ್ಲದಿದ್ದರೆ ಅವರ ಮರಣದೊಂದಿಗೆ ಸಂಸ್ಥಾನ ತಾನಾಗಿಯೇ ಮುಗಿಯುತ್ತಿತ್ತು. ಈ ಸೀಮೆಯ ಜನರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಹಾಕಲು ಹೋದ ಥ್ಯಾಕರೆಯೂ ಧಾರವಾಡದ ಕಲೆಕ್ಟರನೇ ಆಗಿದ್ದನು. ಆ ವರ್ಷದ ಅಕ್ಟೋಬರ್ 23ರಂದು ಅವನು ಕಿತ್ತೂರಿನ ಕೋಟೆಯ ಎದುರು ಸತ್ತನು. ಇದರ ಮೇಲೆ 1852ರ ಕಾಯದೆಯಂತೆ ಬಂದ ಇನಾಂ ಕಮಿಷನ್ನು (ಇನಾಂ ಭೂಮಿಗಳ ಹಕ್ಕನ್ನು ಪರಿಶೀಲಿಸುವ ಆಯೋಗ) ಹಳ್ಳಿ ಹಳ್ಳಿಗಳಲ್ಲಿ ಇನಾಮುದಾರರ ಹಳೆಯ ಪತ್ರಗಳನ್ನು ಕೇಳತೊಡಗಿತ್ತು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಅದರ ಹಿಂದೆಯೇ ಬಂದಿತು.

1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೆಲವೇ ಸವಾರರೊಂದಿಗೆ ರಾಮದುರ್ಗಕ್ಕೆ ಬಂದನು. ಅಲ್ಲಿಯ ಸಂಸ್ಥಾನಿಕರು ಬಾಬಾಸಾಹೇಬರ ಮಲಸಹೋದರರು. ತಮ್ಮ ಜೊತೆ ಸೇರಬೇಕೆಂದು ನರಗುಂದದಿಂದ ಬಂದಿದ್ದ ಪತ್ರವನ್ನು ಅವರು ಮ್ಯಾನ್ಸನ್ನನ ಕೈಗೆ ಕೊಟ್ಟರು. ನರಗುಂದದ ಹಾದಿ ಹಿಡಿಯಬಾರದೆಂದೂ ಎಚ್ಚರಿಸಿದರು. ಎರಡು ಸಂಸ್ಥಾನಗಳ ಹಣೆಬರಹ ಬೇರೆಯಾದದ್ದು ಆ ಪತ್ರ ಕೈ ಬದಲಾಯಿಸಿದ ಗಳಿಗೆಯಲ್ಲಿ. ಮ್ಯಾನ್ಸನ್ ರಾತ್ರಿ ಸುರೇಬಾನದಲ್ಲಿ ತಂಗಿದನು. ಮೇ 29ರ ಆ ರಾತ್ರಿ ಬಾಬಾಸಾಹೇಬರ ಜನ ಅವನ ಮೇಲೆ ಬಿದ್ದು ಕೊಂದರು. ಅವನ ತಲೆಯನ್ನು ನರಗುಂದಕ್ಕೆ ತಂದು ಊರ ಅಗಸಿಗೆ ತೂಗುಹಾಕಲಾಯಿತು. ಜೂನ್ 1ರಂದು ಕರ್ನಲ್ ಮಾಲ್ಕಮ್ಮನ ದಂಡು ಬಂದಿತು, ಮರುದಿನ ಬೆಟ್ಟದ ಕೋಟೆ ಅವನ ವಶವಾಯಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರನ್ನು ತೊರಗಲ್ಲಿನ ಕಾಡಿನಲ್ಲಿ ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ದಿನಗಳಲ್ಲಿ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು.

ರಾಮದುರ್ಗದವರನ್ನು ಇಂದು ಕುಳಿತು ದೂಷಿಸುವುದು ಸುಲಭ. ಆದರೆ ಗಮನಿಸಬೇಕಾದ ಸಂಗತಿ ಬೇರೆ ಇದೆ. ಅದೇ ವರ್ಷದ ನವೆಂಬರ್ 1ರ ರಾಣಿಯ ಘೋಷಣೆಯಲ್ಲಿ ಸಂಸ್ಥಾನಗಳನ್ನು ಇನ್ನು ಕಬಳಿಸುವುದಿಲ್ಲವೆಂಬ ಭರವಸೆ ಬಂದಿತು. 1862ರಲ್ಲಿ ಹಿಂದೂ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಲಾಯಿತು. ಮುಸ್ಲಿಂ ಸಂಸ್ಥಾನಿಕರಿಗೆ ಅವರ ಧರ್ಮಶಾಸ್ತ್ರದಂತೆ ವಾರಸುದಾರಿಕೆ ನಡೆಯುವುದೆಂಬ ಸನದುಗಳು ದೊರೆತವು. ಬಾಬಾಸಾಹೇಬರು ಕೈಮುಗಿದು ಕೇಳಿ ಪಡೆಯಲಾಗದೆ ಹೋದದ್ದನ್ನು ನಾಲ್ಕು ವರ್ಷಗಳ ಅನಂತರ ಸರಕಾರ ಊರೂರಿಗೆ ಬರೆದುಕೊಟ್ಟಿತು. ಸವಣೂರಾಗಲಿ ರಾಮದುರ್ಗವಾಗಲಿ ಅನಂತರದ 86 ವರ್ಷ ಬಾಳಿದ್ದು ಕೋಟೆ ಕೊತ್ತಲಗಳ ಬಲದಿಂದಲ್ಲ, ಆ ಒಂದು ಹಾಳೆಯ ಬಲದಿಂದ. ಅಂಥ ಹಾಳೆ ಬರುವಂತಾದದ್ದರಲ್ಲಿ ನರಗುಂದದಂಥ ಊರುಗಳ ಪಾಲು ಇದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹೈದರಾಬಾದಿನಂತೆ ಸವಣೂರೂ ವಿಲೀನಕ್ಕೆ ಅಡ್ಡಿ ಮಾಡಿತ್ತೇ? (ಓದುಗರು, ಹಾವೇರಿ)

ಉತ್ತರ: ಇಲ್ಲ. ಸುತ್ತಲೂ ಮುಂಬಯಿ ಪ್ರಾಂತದ ತಾಲೂಕುಗಳಿಂದ ಆವೃತವಾಗಿದ್ದ ಊರಿಗೆ ಅಂಥ ಆಯ್ಕೆಯೂ ಇರಲಿಲ್ಲ. 1948ರ ಮಾರ್ಚ್ 8ರಂದು ಸಾಂಗಲಿ, ಮೀರಜ, ಜಮಖಂಡಿ, ಮುಧೋಳ, ರಾಮದುರ್ಗ ಮೊದಲಾದ ದಕ್ಷಿಣದ ಸಂಸ್ಥಾನಗಳೊಂದಿಗೆ ಸವಣೂರೂ ಮುಂಬಯಿ ಪ್ರಾಂತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ ಬಂದಿತು. ವಿಲೀನಕ್ಕೆ ಪ್ರತಿಯಾಗಿ ದೇಶದ ಸಂಸ್ಥಾನಿಕರಿಗೆ ದೊರೆಯುತ್ತಿದ್ದ ರಾಜಧನ 1971ರ ಸಂವಿಧಾನ ತಿದ್ದುಪಡಿಯೊಂದಿಗೆ ನಿಂತಿತು. ಜನರ ಒತ್ತಡದ ಕಥೆ ಬೇಕಾದವರು ಸವಣೂರಿಗಿಂತ ರಾಮದುರ್ಗವನ್ನು ನೋಡಬೇಕು. ಅಲ್ಲಿ 1939ರ ಏಪ್ರಿಲಿನಲ್ಲಿ ಪ್ರಜಾಸಂಘದ ಚಳವಳಿ ಸೆರೆಮನೆಯ ಮೇಲಿನ ದಾಳಿಯವರೆಗೂ ಹೋಗಿತ್ತು.

ಪ್ರಶ್ನೆ: ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಜಮಖಂಡಿ ಸಂಸ್ಥಾನದ ಮುದ್ರೆಯಿರುವ ಜಮೀನಿನ ಕಾಗದಗಳು ಸಿಕ್ಕಿವೆ. ಕುಂದಗೋಳಕ್ಕೂ ಜಮಖಂಡಿಗೂ ಏನು ಸಂಬಂಧ? ಮುಂದಿನ ದಾಖಲೆ ಎಲ್ಲಿ ಹುಡುಕಬೇಕು? (ಕುಂದಗೋಳದ ಓದುಗರು)

ಉತ್ತರ: ಪೇಶವೆಯವರು ಪಟವರ್ಧನರಿಗೆ ದಂಡಿನ ಖರ್ಚಿಗಾಗಿ ಕೊಟ್ಟ ಸರಂಜಾಮು (ಜಹಗೀರು) ಒಂದೇ ಕಡೆ ಇರಲಿಲ್ಲ, ಕೃಷ್ಣೆಯಿಂದ ತುಂಗಭದ್ರೆಯವರೆಗೆ ತುಂಡು ತುಂಡಾಗಿ ಹರಡಿತ್ತು. ಮನೆತನ ಒಡೆದು ಸಾಂಗಲಿ, ಮೀರಜ, ಜಮಖಂಡಿ ಎಂದು ಪಾಲಾದಾಗ ಈ ತುಂಡುಗಳೂ ಪಾಲಾದವು. ಹೀಗೆ ಕುಂದಗೋಳ ಜಮಖಂಡಿಗೆ, ಲಕ್ಷ್ಮೇಶ್ವರ ಮೀರಜದ ಹಿರಿಯ ಶಾಖೆಗೆ, ಗುಡಗೇರಿ ಮೀರಜದ ಕಿರಿಯ ಶಾಖೆಗೆ, ಶಿರಹಟ್ಟಿ ಸಾಂಗಲಿಗೆ ಸೇರಿದವು. ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರಕ್ಕೆ ಹೊರಟ ಚಕ್ಕಡಿ ಒಂದೇ ಪ್ರಯಾಣದಲ್ಲಿ ಮೂರು ನಾಲ್ಕು ಸರಕಾರಗಳ ನೆಲವನ್ನು ತುಳಿಯುತ್ತಿತ್ತು. ಗಾಯಕ ಸವಾಯಿ ಗಂಧರ್ವರು ಹುಟ್ಟಿ ಬೆಳೆದ ಕಾಲದ ಕುಂದಗೋಳ ಜಮಖಂಡಿಯ ರಾಜರದೇ.

ದಾಖಲೆಯ ವಿಷಯದಲ್ಲಿ ಮೊದಲು ತಾಲೂಕು ಕಚೇರಿಯ ದಾಖಲೆ ಕೋಣೆಗೆ ಹೋಗಬೇಕು. ವಿಲೀನದ ಅನಂತರ ಜಮೀನಿನ ಲೆಕ್ಕಗಳು ಧಾರವಾಡ ಜಿಲ್ಲೆಗೆ ಬಂದವು. ಹಳೆಯ ಉತಾರ, ಆಕಾರಬಂದ, ಟಿಪ್ಪಣಿಗಳ ಸರ್ವೆ ನಂಬರನ್ನು ತಮ್ಮ ಕಾಗದದೊಂದಿಗೆ ಹೋಲಿಸಿ ನೋಡಬೇಕು. ಪೇಶವೆ ಕಾಲದ ಸರಂಜಾಮು, ಇನಾಮುಗಳ ಮೂಲಕ್ಕೆ ಪುಣೆಯ ಪೇಶವೆ ದಫ್ತರವೂ, ಸಂಸ್ಥಾನಗಳೊಂದಿಗೆ ನಡೆದ ಪತ್ರವ್ಯವಹಾರಕ್ಕೆ ಮುಂಬಯಿಯ ಪುರಾಭಿಲೇಖಾಗಾರವೂ ಉಪಯೋಗಕ್ಕೆ ಬರುತ್ತವೆ. ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಮೋಡಿ ಬಲ್ಲವರಿಂದ ಓದಿಸದೆ ವಕೀಲರ ಹತ್ತಿರ ಒಯ್ಯುವುದರಲ್ಲಿ ಅರ್ಥವಿಲ್ಲ. ಮಡಿಕೆಗಳನ್ನು ಇಸ್ತ್ರಿ ಮಾಡಿ ಬಿಡಿಸಲು ಹೋಗಬಾರದು, ಪ್ಲಾಸ್ಟಿಕ್ ಲೇಪನವನ್ನೂ ಮಾಡಿಸಬಾರದು. ಛಾಯಾಪ್ರತಿ ತೆಗೆಸುವಾಗ ಹಾಳೆಯ ಎರಡೂ ಮಗ್ಗಲು ತೆಗೆಸಬೇಕು. ಯಾರ ಹೆಸರಿನಿಂದ ಯಾರ ಹೆಸರಿಗೆ ಹೊಲ ಹೋಯಿತೆಂಬ ಷರಾ ಬಹಳಷ್ಟು ಸಲ ಹಿಂದಿನ ಮಗ್ಗಲಿನಲ್ಲಿಯೇ ಇರುತ್ತದೆ.